ಮಗ ಬರೆದ ಚಂದ್ರನ ಕಥೆಯಿಂದ ಅಮ್ಮ ಜೈಲು ಸೇರಿದಳೇ? ಕೆಪ್ಲರ್ ಬದುಕಿನ ಬಗ್ಗೆ ಹಬ್ಬಿದ ಮಾತು ಎಷ್ಟು ನಿಜ

ಹೊರಕೆರೆದೇವಪುರ ಇರುವ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಇಸ್ರೋ ಚಂದ್ರನ ನೆಲದ ಮಾದರಿಯೊಂದನ್ನು ಮಾಡಿತ್ತು. ಚಳ್ಳಕೆರೆ ತಾಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿ, ಚಂದ್ರಯಾನದ ಲ್ಯಾಂಡರ್‌ಗೆ ಹಾಕುವ ಸೆನ್ಸರ್‌ಗಳು ಅವನ್ನು ಸರಿಯಾಗಿ ಗುರುತಿಸುತ್ತವೆಯೇ ಎಂದು ವಿಮಾನದಿಂದ ಪರೀಕ್ಷೆ ಮಾಡಿದ್ದರು.

ಇದಕ್ಕೂ 400 ವರ್ಷ ಮೊದಲು, ರಾಕೆಟ್ ಇಲ್ಲದ ಕಾಲದಲ್ಲಿ, ಒಬ್ಬ ವಿಜ್ಞಾನಿ ಬರೀ ಲೆಕ್ಕ ಮತ್ತು ಕಲ್ಪನೆಯಿಂದ ಚಂದ್ರನಿಗೆ ಹೋಗುವ ಕಥೆ ಬರೆದ. ಅವನ ಹೆಸರು ಯೊಹಾನೆಸ್ ಕೆಪ್ಲರ್. ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದವರಿಗೆ ಕೆಪ್ಲರ್‌ನ ಮೂರು ನಿಯಮಗಳು ನೆನಪಿರಬಹುದು. ಅದೇ ಕೆಪ್ಲರ್.

ಇಂಟರ್‌ನೆಟ್‌ನಲ್ಲಿ ಅವನ ಬಗ್ಗೆ ಒಂದು ಮಾತು ಮತ್ತೆ ಮತ್ತೆ ಸಿಗುತ್ತದೆ: ಅವನು ಬರೆದ ಆ ಕಥೆಯಿಂದಾಗಿ ಅವನ ತಾಯಿಯನ್ನು ಮಾಟಗಾತಿ ಎಂದು ಜೈಲಿಗೆ ಹಾಕಿದರು ಅಂತ. ತಾಯಿ ಜೈಲಿಗೆ ಹೋದದ್ದು ನಿಜ. ಕಾರಣ ಮಾತ್ರ ಅಷ್ಟು ಸರಳವಲ್ಲ. ಮೊದಲಿನಿಂದ ನೋಡೋಣ.

ಗ್ರಹಣ ನೋಡಲು ಹೊರಗೆ ಕರೆದ ಮನೆ

ಕೆಪ್ಲರ್ ಹುಟ್ಟಿದ್ದು 1571ರ ಡಿಸೆಂಬರ್ 27ರಂದು, ಇಂದಿನ ಜರ್ಮನಿಯ ವೈಲ್ ಡೆರ್ ಷ್ಟಾಟ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ಬಾಡಿಗೆ ಸೈನಿಕ, ಮನೆಯಲ್ಲಿ ಇದ್ದದ್ದಕ್ಕಿಂತ ಯುದ್ಧಕ್ಕೆ ಹೋಗಿದ್ದೇ ಹೆಚ್ಚು. ಕೊನೆಗೊಮ್ಮೆ ಹೋದವನು ತಿರುಗಿ ಬರಲೇ ಇಲ್ಲ. ಮನೆ ನಡೆಸಿದವಳು ಅಮ್ಮ ಕಟರೀನಾ. ಆಕೆಗೆ ಗಿಡಮೂಲಿಕೆಗಳ ಪರಿಚಯವಿತ್ತು. ನಮ್ಮ ಹಳ್ಳಿಗಳಲ್ಲಿ ಅಜ್ಜಿಯರು ಕಷಾಯ ಮಾಡಿಕೊಡುವ ಹಾಗೆ ಆಕೆಯೂ ಸೊಪ್ಪು ಬೇರು ಕುದಿಸಿ ಔಷಧ ಮಾಡುತ್ತಿದ್ದಳು.

ಹುಡುಗನಿಗೆ ಸಿಡುಬು ಬಂದು ದೃಷ್ಟಿ ಮಂದವಾಯಿತು. ಆದರೂ ಅವನಿಗೆ ಆಕಾಶ ತೋರಿಸಿದವರು ಮನೆಯವರೇ. 1577ರಲ್ಲಿ ದೊಡ್ಡ ಧೂಮಕೇತು ಕಾಣಿಸಿದಾಗ ಅಮ್ಮ ಅವನನ್ನು ಎತ್ತರದ ಜಾಗಕ್ಕೆ ಕರೆದೊಯ್ದು ತೋರಿಸಿದಳು. 1580ರಲ್ಲಿ ಚಂದ್ರಗ್ರಹಣವಾದಾಗ ಮನೆಯಿಂದ ಹೊರಗೆ ಕರೆದು ತೋರಿಸಿದರು. ಗ್ರಹಣ ಅಂದರೆ ಬಾಗಿಲು ಹಾಕಿಕೊಂಡು, ಅನ್ನದ ಪಾತ್ರೆಗೆ ದರ್ಭೆ ಹಾಕಿ ಒಳಗೆ ಕೂರುವ ಮನೆಗಳು ನಮ್ಮಲ್ಲಿ ಇಂದಿಗೂ ಇವೆ. ಆ ಹುಡುಗನ ಕಣ್ಣಿಗೆ ಬಿದ್ದ ಕೆಂಪು ಚಂದ್ರ ಅವನ ಜೀವನದ ದಾರಿಯನ್ನೇ ತೋರಿಸಿತು ಎನ್ನಬಹುದು.

ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಅವನ ಗುರು ಮೆಸ್ಟ್ಲಿನ್ ಕೋಪರ್ನಿಕಸ್‌ನ ವಿಚಾರ ಹೇಳಿಕೊಟ್ಟರು: ಭೂಮಿ ಸುತ್ತುತ್ತದೆ, ಸೂರ್ಯ ಮಧ್ಯದಲ್ಲಿದ್ದಾನೆ. ಆಗಿನ ಹೆಚ್ಚಿನ ಜನಕ್ಕೆ ಇದು ತಮಾಷೆಯ ಮಾತು. ಭೂಮಿ ತಿರುಗುತ್ತಿದ್ದರೆ ನಮಗೆ ಗೊತ್ತಾಗಬೇಕಲ್ಲ? 1593ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಕೆಪ್ಲರ್ ಒಂದು ಪ್ರಶ್ನೆ ಹಿಡಿದು ಪ್ರಬಂಧ ಬರೆದ: ಚಂದ್ರನ ಮೇಲೆ ನಿಂತು ನೋಡಿದರೆ ಆಕಾಶ ಹೇಗೆ ಕಾಣುತ್ತದೆ? ಮುಂದೆ ಕಥೆಯಾಗಿ ಬೆಳೆದದ್ದು ಈ ಪ್ರಶ್ನೆಯೇ.

ಕಥೆಯೊಳಗಿನ ವಿಜ್ಞಾನ

1600ರಲ್ಲಿ ಕೆಪ್ಲರ್ ಪ್ರಾಗ್ ನಗರಕ್ಕೆ ಹೋಗಿ, ಆಕಾಶವನ್ನು ಅತ್ಯಂತ ನಿಖರವಾಗಿ ಅಳೆದಿದ್ದ ಟೈಕೋ ಬ್ರಾಹೆ ಜೊತೆ ಕೆಲಸಕ್ಕೆ ಸೇರಿದ. ಮರುವರ್ಷ ಟೈಕೋ ತೀರಿಕೊಂಡ. ಅವನ ಲೆಕ್ಕಗಳನ್ನು ಇಟ್ಟುಕೊಂಡು ವರ್ಷಗಟ್ಟಲೆ ಮಂಗಳ ಗ್ರಹದ ದಾರಿ ಹುಡುಕಿದ ಕೆಪ್ಲರ್, 1609ರಲ್ಲಿ ಗ್ರಹಗಳು ಸುತ್ತುವುದು ಪೂರ್ತಿ ದುಂಡಗಿನ ದಾರಿಯಲ್ಲಲ್ಲ, ದೀರ್ಘವೃತ್ತದಲ್ಲಿ ಎಂದು ಪ್ರಕಟಿಸಿದ.

ಅದೇ ಹೊತ್ತಿಗೆ ಅವನು ‘ಸೋಮ್ನಿಯಂ’ ಎಂಬ ಕಥೆ ಬರೆದ. ಲ್ಯಾಟಿನ್‌ನಲ್ಲಿ ಸೋಮ್ನಿಯಂ ಎಂದರೆ ಕನಸು. ಐಸ್‌ಲ್ಯಾಂಡಿನ ಡುರಾಕೋಟಸ್ ಎಂಬ ಹುಡುಗನ ತಾಯಿ ಗಿಡಮೂಲಿಕೆಯ ಚೀಲ ಕಟ್ಟಿ ಹಡಗಿನವರಿಗೆ ಮಾರುತ್ತಾಳೆ. ಕುತೂಹಲ ತಡೆಯದೆ ಹುಡುಗ ಒಂದು ಚೀಲ ಬಿಚ್ಚಿಬಿಡುತ್ತಾನೆ. ಸಿಟ್ಟಿಗೆದ್ದ ತಾಯಿ ಅವನನ್ನು ಹಡಗಿನ ನಾಯಕನಿಗೇ ಕೊಟ್ಟುಬಿಡುತ್ತಾಳೆ. ಹುಡುಗ ಟೈಕೋ ಬ್ರಾಹೆಯ ದ್ವೀಪ ಸೇರಿ ಖಗೋಳ ಕಲಿತು, ಐದು ವರ್ಷದ ನಂತರ ಮನೆಗೆ ಮರಳುತ್ತಾನೆ. ಆಗ ತಾಯಿ ತನಗೆ ಗೊತ್ತಿದ್ದ ಒಂದು ದೈವವನ್ನು ಕರೆಯುತ್ತಾಳೆ. ಆ ದೈವ ಚಂದ್ರಲೋಕದ ವಿವರ ಹೇಳುತ್ತದೆ.

ದೈವ ಬಂತು ಎಂದ ಕೂಡಲೇ ಇದು ಬರೀ ಮಾಯಾಮಂತ್ರದ ಕಥೆ ಅಂದುಕೊಳ್ಳಬೇಡಿ. ಒಳಗಿರುವುದು ವಿಜ್ಞಾನ:

• ಮೇಲೇರುವಾಗ ಫಿರಂಗಿಯಿಂದ ಹಾರಿಸಿದಂಥ ಏಟು ಬೀಳುತ್ತದೆ. ಅದಕ್ಕೇ ಪ್ರಯಾಣಿಕನಿಗೆ ಮೊದಲೇ ನಿದ್ದೆಯ ಔಷಧ ಕೊಡಬೇಕು, ಕೈಕಾಲು ಜೋಪಾನವಾಗಿ ಹೊಂದಿಸಬೇಕು.
• ದಾರಿಯಲ್ಲಿ ವಿಪರೀತ ಚಳಿ, ಉಸಿರಾಡಲು ಕಷ್ಟ. ಮೂಗಿಗೆ ಒದ್ದೆ ಸ್ಪಂಜು ಹಿಡಿಯಬೇಕು.
• ಒಂದು ಹಂತ ದಾಟಿದ ಮೇಲೆ ತಳ್ಳುವ ಅಗತ್ಯವಿಲ್ಲ, ದೇಹ ತಾನೇ ಮುಂದೆ ಸಾಗುತ್ತದೆ.
• ಚಂದ್ರನಲ್ಲಿ ಹಗಲು ಸುಮಾರು ಎರಡು ವಾರ, ರಾತ್ರಿಯೂ ಎರಡು ವಾರ.
• ಚಂದ್ರನ ಒಂದು ಮುಖದಲ್ಲಿರುವವರಿಗೆ ಭೂಮಿ ಯಾವಾಗಲೂ ಆಕಾಶದ ಒಂದೇ ಜಾಗದಲ್ಲಿ ಕಾಣುತ್ತದೆ. ಇನ್ನೊಂದು ಮುಖದವರಿಗೆ ಭೂಮಿ ಕಾಣುವುದೇ ಇಲ್ಲ.

ಎರಡು ವಾರದ ರಾತ್ರಿಯ ಮಾತು ಇಂದಿಗೂ ಸತ್ಯ. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಚಂದ್ರನ ಮೇಲೆ ಇಳಿಯಿತು. ಸೆಪ್ಟೆಂಬರ್ ಮೊದಲ ವಾರದಲ್ಲಿ ಅಲ್ಲಿ ಕತ್ತಲಾಗುವ ಹೊತ್ತಿಗೆ ವಿಕ್ರಮ್ ಮತ್ತು ಪ್ರಜ್ಞಾನ್‌ಗಳನ್ನು ಇಸ್ರೋ ಮಲಗಿಸಿದ್ದು ಈ ದೀರ್ಘ ರಾತ್ರಿಯ ಕಾರಣಕ್ಕೇ.

ಕಥೆಯ ಉದ್ದೇಶವೂ ಸ್ಪಷ್ಟ. ಚಂದ್ರನಲ್ಲಿರುವವರಿಗೆ ತಮ್ಮ ನೆಲ ನಿಂತಲ್ಲೇ ನಿಂತಿದೆ ಅನಿಸುತ್ತದೆ. ಚಂದ್ರ ಚಲಿಸುವುದು ಇಲ್ಲಿಂದ ನೋಡುವ ನಮಗೆ ಗೊತ್ತು. ಹಾಗಾದರೆ ನಮ್ಮ ಭೂಮಿ ನಿಂತಿದೆ ಅಂತ ನಮಗೆ ಅನಿಸುವುದನ್ನು ಹೇಗೆ ನಂಬುವುದು? ಚಂದ್ರನನ್ನು ನೆಪ ಮಾಡಿಕೊಂಡು ಕೆಪ್ಲರ್ ಭೂಮಿಯ ಬಗ್ಗೆ ವಾದ ಹೂಡಿದ್ದ. ಐಸಾಕ್ ಅಸಿಮೋವ್, ಕಾರ್ಲ್ ಸೇಗನ್ ಅಂಥವರು ಇದನ್ನು ಮೊದಲ ವೈಜ್ಞಾನಿಕ ಕಥೆ ಎಂದು ಗುರುತಿಸಿದ್ದಾರೆ. ಚಂದ್ರಯಾನದ ಕಥೆ ಅದಕ್ಕೂ ಮೊದಲು ಇತ್ತು. ಎರಡನೇ ಶತಮಾನದ ಲೂಸಿಯನ್ ಬರೆದದ್ದನ್ನು ಕೆಪ್ಲರ್ ತಾನೇ ಓದಿದ್ದ. ಆದರೆ ತನ್ನ ಕಾಲದ ವಿಜ್ಞಾನದ ಲೆಕ್ಕ ಹಾಕಿ ಬರೆದದ್ದು ಕೆಪ್ಲರ್‌ನ ಹೆಚ್ಚುಗಾರಿಕೆ.

ಒಂದು ಜಗಳ, ಆರು ವರ್ಷದ ನರಕ

ಕಟರೀನಾ ಆಗ ಲಿಯೊನ್‌ಬರ್ಗ್ ಎಂಬ ಊರಿನಲ್ಲಿದ್ದಳು. ವಯಸ್ಸು 70ರ ಹತ್ತಿರ. ಅದೇ ಊರಿನ ಉರ್ಸುಲಾ ರೈನ್‌ಬೋಲ್ಡ್ ಎಂಬ ಹೆಂಗಸಿಗೂ ಕೆಪ್ಲರ್ ಮನೆಯವರಿಗೂ ಜಗಳವಾಗಿತ್ತು. 1615ರಲ್ಲಿ ಆ ಹೆಂಗಸು, ಕಟರೀನಾ ಕೊಟ್ಟ ಪಾನೀಯ ಕುಡಿದ ಮೇಲೆಯೇ ತನಗೆ ಕಾಯಿಲೆ ಶುರುವಾಯಿತು, ಇವಳು ಮಾಟಗಾತಿ ಎಂದಳು.

ಒಬ್ಬರು ಹೇಳಿದ್ದೇ ತಡ, ಊರಿನವರಿಗೆಲ್ಲ ಹಳೆಯದು ನೆನಪಾಯಿತು. ಶಾಲೆಯ ಮೇಷ್ಟ್ರಿಗೆ ಕಾಲು ಕುಂಟಾಗಿದ್ದು ಅವಳು ಕೊಟ್ಟದ್ದನ್ನು ಕುಡಿದೇ ಅಂದರು. ಹುಡುಗಿಯೊಬ್ಬಳು, ಅವಳು ಪಕ್ಕದಲ್ಲಿ ಹಾದುಹೋದಾಗ ತನ್ನ ತೋಳು ನೋಯಿತು ಅಂದಳು. ದನಕರುಗಳ ಕಾಯಿಲೆಯೂ ಅವಳ ತಲೆಗೇ ಬಂತು. ನಮ್ಮ ಕಡೆಯೂ ಹಸು ಹಾಲು ಬತ್ತಿಸಿದರೆ, ಮಗುವಿಗೆ ಜ್ವರ ಬಿಡದಿದ್ದರೆ, ಯಾರೋ ಮಾಟ ಮಾಡಿಸಿದ್ದಾರೆ ಎಂಬ ಮಾತು ಏಳುವುದು ಹೀಗೆಯೇ ಅಲ್ಲವೇ? ಹೆಚ್ಚಾಗಿ ಅದು ಹೋಗಿ ಬೀಳುವುದು ಒಂಟಿ ಮುದುಕಿಯ ಮೇಲೆ.

ಊರಿನ ಅಧಿಕಾರಿಯೇ ಕಟರೀನಾಗೆ ವಿರುದ್ಧವಾಗಿದ್ದ. ಅವನಿಗೆ ಆಕೆ ಬೆಳ್ಳಿ ಲೋಟವೊಂದನ್ನು ಕೊಡಲು ಹೋಗಿದ್ದು ತಪ್ಪೊಪ್ಪಿಗೆಯಂತೆ ಕಂಡಿತು. 1620ರ ಆಗಸ್ಟ್‌ನಲ್ಲಿ, ರಾತ್ರಿ ಹೊತ್ತು, ಮಗಳ ಮನೆಗೆ ನುಗ್ಗಿ ಆಕೆಯನ್ನು ಪೆಟ್ಟಿಗೆಯೊಳಗೆ ಕೂರಿಸಿ ಹೊತ್ತೊಯ್ದರು. ಮುಂದಿನ 14 ತಿಂಗಳು ಆಕೆ ಸರಪಳಿಯಲ್ಲಿದ್ದಳು.

ಕೆಪ್ಲರ್ ಆಗ ದೂರದ ಲಿಂಟ್ಸ್‌ನಲ್ಲಿದ್ದ. ಮೊಕದ್ದಮೆ ಎಳೆದಾಡುತ್ತಿದ್ದ ವರ್ಷಗಳಲ್ಲೇ, 1618ರಲ್ಲಿ, ತನ್ನ ಮೂರನೇ ನಿಯಮ ಕಂಡುಕೊಂಡಿದ್ದ. ಅಮ್ಮನ ಬಂಧನದ ಸುದ್ದಿ ಕೇಳಿ ಕೆಲಸ ಬಿಟ್ಟು ಬಂದು, ತಾನೇ ಆಕೆಯ ಪರವಾಗಿ ನಿಂತ.

ಮಾಟ ಅಲ್ಲದಿದ್ದರೆ ಇನ್ನೇನು?

ಕೆಪ್ಲರ್ ಕಣ್ಣೀರು ಹಾಕಿ ಕರುಣೆ ಬೇಡಲಿಲ್ಲ. ಮಂಗಳ ಗ್ರಹದ ಲೆಕ್ಕ ಮಾಡಿದ ಹಾಗೆಯೇ ಒಂದೊಂದು ಆರೋಪವನ್ನೂ ಬಿಡಿಸಿ ನೋಡಿದ. ಯಾರು ಹೇಳಿದ್ದು, ಯಾವಾಗ, ಆಗ ಹೇಳದೆ ಇಷ್ಟು ವರ್ಷದ ನಂತರ ಯಾಕೆ ಹೇಳಿದರು, ಇದಕ್ಕೆ ಬೇರೆ ಕಾರಣ ಇರಬಹುದೇ?

ಮೇಷ್ಟ್ರು ಹಳ್ಳ ಹಾರುವಾಗ ಬಿದ್ದು ಪೆಟ್ಟು ಮಾಡಿಕೊಂಡಿದ್ದರು. ತೋಳು ನೋವಿನ ಹುಡುಗಿ ಇಟ್ಟಿಗೆ ಹೊರುತ್ತಿದ್ದಳು. ರೈನ್‌ಬೋಲ್ಡ್‌ಗೆ ಮೊದಲೇ ಕಾಯಿಲೆಯಿತ್ತು, ಅದಕ್ಕೆ ಬೇರೆ ಬೇರೆ ಔಷಧ ತೆಗೆದುಕೊಂಡಿದ್ದಳು. ಹೀಗೆ ಒಂದೊಂದಕ್ಕೂ ಉತ್ತರ ಕೊಟ್ಟು ನೂರಕ್ಕೂ ಹೆಚ್ಚು ಪುಟದ ವಾದ ಸಿದ್ಧವಾಯಿತು.

1621ರ ಸೆಪ್ಟೆಂಬರ್ 28ರಂದು ಕಟರೀನಾಗೆ ಚಿತ್ರಹಿಂಸೆಯ ಸಲಕರಣೆಗಳನ್ನು ತೋರಿಸಿ, ಒಪ್ಪಿಕೋ ಎಂದು ಹೆದರಿಸಿದರು. ಆಕೆ ಒಪ್ಪಲಿಲ್ಲ. ಅಕ್ಟೋಬರ್‌ನಲ್ಲಿ ಬಿಡುಗಡೆಯಾಯಿತು. ಆರು ತಿಂಗಳಲ್ಲಿ, 1622ರ ಏಪ್ರಿಲ್‌ನಲ್ಲಿ ತೀರಿಕೊಂಡಳು.

ಹಾಗಾದರೆ ಕಥೆಯೇ ಕಾರಣವೇ?

ಹಾಗೆಂದು ಮೊದಲು ಅನುಮಾನಿಸಿದವನು ಕೆಪ್ಲರ್ ತಾನೇ. ಕಥೆ ಇನ್ನೂ ಅಚ್ಚಾಗಿರಲಿಲ್ಲ. ಅದರ ಕೈಬರಹದ ಪ್ರತಿಯೊಂದು 1611ರಲ್ಲಿ ಪ್ರಾಗ್‌ನಿಂದ ಹೊರಗೆ ಹೋಗಿತ್ತು. ಅದು ಕೈಯಿಂದ ಕೈಗೆ ಹೋಗಿ, ಕ್ಷೌರದ ಅಂಗಡಿಗಳಲ್ಲಿ ಮಾತಾಗಿ, ಮಂತ್ರ ಬಲ್ಲ ತಾಯಿಯ ಪಾತ್ರವನ್ನು ಜನ ತನ್ನ ತಾಯಿಯೆಂದೇ ತಿಳಿದರು ಎಂದು ಅವನು ನೊಂದುಕೊಂಡ. ಆ ಕಾಲದ ಕ್ಷೌರದ ಅಂಗಡಿಯೆಂದರೆ ಇಂದಿನ ವಾಟ್ಸಾಪ್ ಗ್ರೂಪ್ ಇದ್ದಂತೆ.

ಆದರೆ ಈ ಮೊಕದ್ದಮೆಯ ಕಡತಗಳನ್ನು ಅಧ್ಯಯನ ಮಾಡಿ 2015ರಲ್ಲಿ ಪುಸ್ತಕ ಬರೆದ ಕೇಂಬ್ರಿಡ್ಜ್‌ನ ಇತಿಹಾಸಕಾರ್ತಿ ಉಲಿಂಕಾ ರುಬ್ಲಾಕ್ ಇದನ್ನು ಒಪ್ಪುವುದಿಲ್ಲ. ಕಡತದಲ್ಲಿರುವುದು ನೆರೆಹೊರೆಯ ಜಗಳ, ಕಾಯಿಲೆ, ಹಠ ಹಿಡಿದ ಅಧಿಕಾರಿ. ಚಂದ್ರನ ಕಥೆಯಲ್ಲ.

ಆದ್ದರಿಂದ ನಮ್ಮ ತೀರ್ಮಾನ: ಅರ್ಧ ನಿಜ. ಬಂಧನ ನಿಜ, ಮಗನ ಅನುಮಾನವೂ ನಿಜ. ಕಥೆಯೇ ಕಾರಣ ಎನ್ನಲು ಆಧಾರವಿಲ್ಲ.

223 ಟಿಪ್ಪಣಿಗಳು

ಅಮ್ಮ ಹೋದ ಮೇಲೆ ಕೆಪ್ಲರ್ ಆ ಕಥೆಯನ್ನು ಮತ್ತೆ ಕೈಗೆತ್ತಿಕೊಂಡು 223 ಟಿಪ್ಪಣಿ ಸೇರಿಸಿದ. ಯಾವುದು ಲೆಕ್ಕ, ಯಾವುದು ಊಹೆ, ಯಾವುದು ಬರೀ ತಮಾಷೆ ಎಂದು ಬಿಡಿಸಿ ಬರೆದ. ಟಿಪ್ಪಣಿಗಳು ಕಥೆಗಿಂತ ಎಷ್ಟೋ ಪಟ್ಟು ಉದ್ದವಾದವು. ಅವನು ತಪ್ಪಿದ್ದೂ ಉಂಟು. ಚಂದ್ರನ ದುಂಡು ಕುಳಿಗಳನ್ನು ಅಲ್ಲಿನ ನಿವಾಸಿಗಳೇ ತೋಡಿರಬೇಕು ಎಂದು ಊಹಿಸಿದ್ದ. ಅವು ಹೆಚ್ಚಾಗಿ ಉಲ್ಕೆಗಳು ಅಪ್ಪಳಿಸಿ ಆದವು ಎಂದು ಈಗ ಗೊತ್ತು. ಮನುಷ್ಯರು ತೋಡಿದ ಕುಳಿ ಬೇಕಾದರೆ ಉಳ್ಳಾರ್ತಿ ಕಾವಲಿಗೇ ಬರಬೇಕು.

1630ರ ನವೆಂಬರ್ 15ರಂದು, ಬರಬೇಕಿದ್ದ ಬಾಕಿ ಹಣ ಕೇಳಲು ಹೊರಟಿದ್ದ ಕೆಪ್ಲರ್ ರೇಗನ್ಸ್‌ಬರ್ಗ್‌ನಲ್ಲಿ ಜ್ವರದಿಂದ ತೀರಿಕೊಂಡ. ಅರ್ಧಕ್ಕೆ ನಿಂತ ಮುದ್ರಣವನ್ನು ಅಳಿಯ ಮುಂದುವರಿಸಿದ, ಅವನೂ ತೀರಿಹೋದ. ಕೊನೆಗೆ 1634ರಲ್ಲಿ ಮಗ ಲುಡ್ವಿಗ್ ಪುಸ್ತಕ ಹೊರತಂದ.

ಇದು 400 ವರ್ಷದ ಹಿಂದಿನ ಯೂರೋಪಿನ ಮಾತು ಎಂದು ಬಿಡುವಂತಿಲ್ಲ. 2018ರ ಜುಲೈನಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ವದಂತಿ ನಂಬಿದ ಗುಂಪಿನ ಹೊಡೆತಕ್ಕೆ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಸತ್ತರು. ಅವರಿಗೆ ವಾದ ಮಾಡಲು 14 ತಿಂಗಳು ಸಿಗಲಿಲ್ಲ.

ಮುಂದಿನ ಸಲ ಯಾರ ಮೇಲಾದರೂ ಆರೋಪ ಹೊರಿಸುವ ಫಾರ್ವರ್ಡ್ ಬಂದರೆ ಕೆಪ್ಲರ್ ಕೇಳಿದ್ದನ್ನೇ ಕೇಳಿ: ಯಾರು ಹೇಳಿದ್ದು? ಯಾವಾಗ? ಬೇರೆ ಕಾರಣ ಇರಬಹುದೇ? ಉತ್ತರ ಸಿಗುವವರೆಗೂ ಅದು ನಿಮ್ಮ ಫೋನಿನಲ್ಲೇ ಇರಲಿ.