ಹೆಂಡ್ರಿಕ್ ಪೌಟ್ಸ್ಮಾ: ತರಗತಿಗಾಗಿ ಹುಟ್ಟಿದ ಮಹಾವ್ಯಾಕರಣ

ಇಂಗ್ಲಿಷ್ ವ್ಯಾಕರಣದ ಬೃಹದ್ಗ್ರಂಥಗಳನ್ನು ಹೆಸರಿಸುವಾಗ ಡೆನ್ಮಾರ್ಕಿನ ಆಟೊ ಯೆಸ್ಪರ್ಸನ್ ಅವರ ಜೊತೆಗೆ ನೆದರ್ಲೆಂಡ್ಸಿನ ಹೆಂಡ್ರಿಕ್ ಪೌಟ್ಸ್ಮಾ (1856–1937) ಅವರ ಹೆಸರೂ ಬರುತ್ತದೆ. ಇಬ್ಬರಿಗೂ ಇಂಗ್ಲಿಷ್ ಮಾತೃಭಾಷೆಯಲ್ಲ. ಆದರೆ ಯೆಸ್ಪರ್ಸನ್ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದರು; ಪೌಟ್ಸ್ಮಾ ಅವರು ಆಮ್‌ಸ್ಟರ್‌ಡ್ಯಾಮಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಶಾಲಾ ಶಿಕ್ಷಕರು. ಪ್ರಶಿಕ್ಷಣಾರ್ಥಿಗಳು ಅವರ ಬದುಕನ್ನು ತಿಳಿದುಕೊಳ್ಳಬೇಕಾದುದು ಈ ಕಾರಣಕ್ಕೆ.

ಅವರು ಬಾಲಕರಾಗಿದ್ದಾಗ ಅವರ ದೇಶದ ಶಿಕ್ಷಣ ವ್ಯವಸ್ಥೆ ಬದಲಾಗುತ್ತಿತ್ತು. 1863ರ ಪ್ರೌಢಶಿಕ್ಷಣ ಕಾಯಿದೆಯಿಂದ ಹೊಸ ಬಗೆಯ ಶಾಲೆಗಳು ತೆರೆದವು. ಲ್ಯಾಟಿನ್, ಗ್ರೀಕ್‌ಗಳ ಬದಲು ಫ್ರೆಂಚ್, ಜರ್ಮನ್ ಮತ್ತು ಇಂಗ್ಲಿಷ್ ಅಲ್ಲಿನ ಪಠ್ಯಕ್ರಮದಲ್ಲಿ ಸ್ಥಾನ ಪಡೆದವು. ವಿಶ್ವವಿದ್ಯಾಲಯಗಳಿಗೆ ಇಂಗ್ಲಿಷ್ ಇನ್ನೂ ಹೊಸ ವಿಷಯ. ಹೀಗಾಗಿ ಭಾಷಾ ಶಿಕ್ಷಕರಾಗಬಯಸುವ ಅನೇಕರು ಮನೆಯಲ್ಲೇ ಓದಿಕೊಂಡು ಸರ್ಕಾರದ ಅರ್ಹತಾ ಪರೀಕ್ಷೆಗೆ ಕೂರುತ್ತಿದ್ದರು. ಅಂಥವರಿಗೆ ನಂಬಿ ಓದಬಹುದಾದ ವಿವರವಾದ ವ್ಯಾಕರಣ ಬೇಕಾಗಿತ್ತು.

ಪೌಟ್ಸ್ಮಾ ಅವರ ಗ್ರಂಥದ ಮೊದಲ ಸಂಪುಟ 1904ರಲ್ಲಿ ಗ್ರೋನಿಂಗನ್ ನಗರದಲ್ಲಿ ಪ್ರಕಟವಾಯಿತು. ಯುರೋಪು ಖಂಡದ, ಅದರಲ್ಲೂ ಡಚ್ ವಿದ್ಯಾರ್ಥಿಗಳ ಉಪಯೋಗಕ್ಕೆಂದು ಅದರ ಶೀರ್ಷಿಕೆಯಲ್ಲೇ ಸೂಚಿಸಲಾಗಿತ್ತು. ಮರುವರ್ಷ ಬಂದ ಸಂಪುಟ ಸಂಯೋಜಿತ ಮತ್ತು ಮಿಶ್ರ ವಾಕ್ಯಗಳಿಗೆ ಮೀಸಲು. ನಾಮಪದ, ವಿಶೇಷಣಗಳು 1914ರಲ್ಲಿ, ಸರ್ವನಾಮಗಳು 1916ರಲ್ಲಿ, ಕ್ರಿಯಾಪದ ಮತ್ತು ಅವ್ಯಯಗಳು 1926ರಲ್ಲಿ ಮುದ್ರಣ ಕಂಡವು. ಆ ವೇಳೆಗೆ ಅವರಿಗೆ ಎಪ್ಪತ್ತರ ವಯಸ್ಸು. ಅಷ್ಟಕ್ಕೇ ನಿಲ್ಲದೆ ವಾಕ್ಯಭಾಗವನ್ನು ಪರಿಷ್ಕರಿಸಿ 1928–29ರಲ್ಲಿ ಮತ್ತೆ ಹೊರತಂದರು.

ಅವರ ಕ್ರಮ ಸರಳ, ಶ್ರಮ ಮಾತ್ರ ಅಪಾರ. ಕಾದಂಬರಿ, ನಾಟಕ, ಪತ್ರಿಕೆಗಳನ್ನು ಓದುತ್ತಾ ಉದಾಹರಣೆಗಳನ್ನು ರಾಶಿ ರಾಶಿಯಾಗಿ ಸಂಗ್ರಹಿಸುವುದು, ಅವುಗಳಿಂದ ನಿಯಮವನ್ನು ಹೊರತೆಗೆಯುವುದು, ಅಗತ್ಯವಿದ್ದಲ್ಲಿ ಡಚ್ ಮತ್ತಿತರ ಭಾಷೆಗಳೊಂದಿಗೆ ಹೋಲಿಸುವುದು.

ಈ ಹೋಲಿಕೆಯ ಬೆಲೆ ತಿಳಿಯಲು ಕಂಜಂಕ್ಷನ್‌ಗಳನ್ನು, ಅಂದರೆ ನಮ್ಮ ವ್ಯಾಕರಣದ ಸಂಬಂಧಾರ್ಥಕಾವ್ಯಯಗಳಿಗೆ ಸಮೀಪದ ಪದಗಳನ್ನು, ನೋಡಿದರೆ ಸಾಕು. ಡಚ್ಚಿನ ‘ಆಲ್ಸ್’ ಎಂಬ ಒಂದೇ ಪದ ‘ಬಂದರೆ’ ಎಂಬಲ್ಲಿನ ಷರತ್ತನ್ನೂ ‘ಬಂದಾಗ’ ಎಂಬಲ್ಲಿನ ಕಾಲವನ್ನೂ ಹೇಳಬಲ್ಲದು. ಇಂಗ್ಲಿಷಿನಲ್ಲಿ ಷರತ್ತಿಗೆ ‘ಇಫ್’, ಕಾಲಕ್ಕೆ ‘ವೆನ್’. ಸರಕು ಬಂದಾಗ ಹಣ ಕಳಿಸುತ್ತೇವೆ ಎಂದು ಬರೆಯಬೇಕಾದ ಡಚ್ ವಿದ್ಯಾರ್ಥಿ ‘ಇಫ್’ ಬಳಸಿದರೆ, ಸರಕು ಬರುವುದೇ ಅನುಮಾನ ಎಂಬ ಅರ್ಥ ಬಂದುಬಿಡುತ್ತದೆ. ‘ಒಫ್’ ಎಂಬ ಪದವೂ ಹಾಗೆಯೇ. ಚಹಾ ಅಥವಾ ಕಾಫಿ ಎನ್ನುವಲ್ಲಿನ ‘ಅಥವಾ’ಕ್ಕೂ, ಬರುತ್ತಾನೋ ಇಲ್ಲವೋ ಎನ್ನುವಲ್ಲಿನ ಸಂದೇಹಕ್ಕೂ ಅದೇ ಪದ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ಆರ್’, ಎರಡನೆಯದಕ್ಕೆ ‘ವೆದರ್’ ಅಥವಾ ‘ಇಫ್’. ಸಾಲದೆಂಬಂತೆ ‘ಒಫ್’ನ ಕಾಗುಣಿತ ಇಂಗ್ಲಿಷಿನ ‘ಆಫ್’ ಎಂಬ ವಿಭಕ್ತಿಸೂಚಕ ಪದದ ಕಾಗುಣಿತವೇ ಆಗಿದೆ!

ಪದಕ್ರಮದ ತೊಡಕು ಬೇರೆ. ಕಾರಣ ಹೇಳುವ ‘ವಾಂಟ್’ ಎಂಬ ಡಚ್ ಪದದ ನಂತರ ಕ್ರಿಯಾಪದ ತನ್ನ ಸಹಜ ಸ್ಥಾನದಲ್ಲೇ ಇರುತ್ತದೆ; ಅದೇ ಅರ್ಥದ ‘ಓಮ್‌ಡಾಟ್’ ಬಂದರೆ ಅದು ವಾಕ್ಯಖಂಡದ ಕೊನೆಗೆ ಹೋಗುತ್ತದೆ. ಅಧೀನ ವಾಕ್ಯ ಮೊದಲು ಬಂದರೆ, ಪ್ರಧಾನ ವಾಕ್ಯದಲ್ಲಿ ಕರ್ತೃವಿಗಿಂತ ಮುಂಚೆ ಕ್ರಿಯಾಪದ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಈ ಅದಲುಬದಲು ಇಲ್ಲ. ಆದ್ದರಿಂದ ಡಚ್ ಮಗುವಿಗೆ ಪದದ ಅರ್ಥ ಹೇಳಿಕೊಟ್ಟರೆ ಪಾಠ ಮುಗಿಯುವುದಿಲ್ಲ. ಆ ಪದದ ನಂತರ ಏನನ್ನು ಕದಲಿಸಬಾರದು ಎಂಬುದನ್ನೂ ಕಲಿಸಬೇಕು.

ಇಂಗ್ಲೆಂಡಿನ ಮಗುವಿಗೆ ಈ ತೊಡಕುಗಳು ಕಾಣುವುದೇ ಇಲ್ಲ. ಹೊರಗಿನಿಂದ ಭಾಷೆಯನ್ನು ಕಲಿತು ಕಲಿಸುವವರಿಗೆ ಅವು ಪ್ರತಿದಿನ ಎದುರಾಗುತ್ತವೆ. ತಾಯ್ನುಡಿಗರು ಅಭ್ಯಾಸಬಲದಿಂದ ದಾಟಿಹೋಗುವ ಕಡೆ ಪರಭಾಷೆಯ ಶಿಕ್ಷಕ ನಿಂತು ವಿವರಿಸಲೇಬೇಕು. ಪೌಟ್ಸ್ಮಾ ಅವರ ಗ್ರಂಥದ ವಿಸ್ತಾರಕ್ಕೆ ಇದೂ ಒಂದು ಕಾರಣವೆನ್ನಬಹುದು. ಅದೇ ನಾಡಿನ ಎಟ್ಸ್‌ಕೋ ಕ್ರೌಸಿಂಗಾ, ಅವರ ನಂತರ ಝಾಂಡ್‌ಫೋರ್ಟ್ ಇಂಗ್ಲಿಷ್ ವ್ಯಾಕರಣದ ಕೈಪಿಡಿಗಳನ್ನು ಬರೆದು ಈ ಪರಂಪರೆಯನ್ನು ಮುಂದುವರಿಸಿದರು.

ಬೋಧನಾಭ್ಯಾಸಕ್ಕೆ ಹೊರಟಿರುವ ನಮ್ಮ ಪ್ರಶಿಕ್ಷಣಾರ್ಥಿಗಳು ಡಚ್ ಮಕ್ಕಳ ತಪ್ಪುಗಳನ್ನು ಕಂಠಪಾಠ ಮಾಡಬೇಕಾಗಿಲ್ಲ. ಕನ್ನಡದ ಮಗುವಿಗೆ ‘ಬಂದರೆ’, ‘ಬಂದಾಗ’ ಎಂಬ ಬೇರೆ ಬೇರೆ ರೂಪಗಳು ಮೊದಲೇ ಗೊತ್ತು. ‘ಇಫ್’, ‘ವೆನ್’ಗಳ ಅರ್ಥಭೇದ ಅದಕ್ಕೆ ಅಷ್ಟು ಕಷ್ಟವಲ್ಲ. ಆದರೆ ‘ಬಂದರೂ’ ಎಂಬಲ್ಲಿ ಕ್ರಿಯಾಪದದ ತುದಿಗೆ ಅಂಟಿಕೊಂಡಿರುವ ಅರ್ಥ ಇಂಗ್ಲಿಷಿನಲ್ಲಿ ವಾಕ್ಯಖಂಡದ ಮೊದಲಿಗೇ ‘ದೋ’ ಎಂದು ಬರುತ್ತದೆ. ಹಾಗಾಗಿ ‘ದೋ’ ಎಂದು ಆರಂಭಿಸಿದ ಮಗು ನಡುವೆ ‘ಬಟ್’ ಅನ್ನೂ ಸೇರಿಸುವುದು ನಮ್ಮ ತರಗತಿಗಳಲ್ಲಿ ಪರಿಚಿತ ತಪ್ಪು. ಒಂದೇ ಇಂಗ್ಲಿಷ್ ಪದ ಆಮ್‌ಸ್ಟರ್‌ಡ್ಯಾಮಿನಲ್ಲಿ ಒಂದು ಪಾಠ, ಧಾರವಾಡದಲ್ಲಿ ಇನ್ನೊಂದು ಪಾಠ. ಪಾಠಯೋಜನೆಯಲ್ಲಿ ನಿಯಮವನ್ನು ಬರೆಯುವ ಮುನ್ನ, ಈ ಅರ್ಥವನ್ನು ಮಗುವಿನ ಭಾಷೆ ಎಲ್ಲಿ, ಹೇಗೆ ಹೇಳುತ್ತದೆ ಎಂದು ಒಂದು ಸಾಲು ಬರೆದುಕೊಳ್ಳಿ. ಪೌಟ್ಸ್ಮಾ ಅವರು ಜೀವನವಿಡೀ ಮಾಡಿದ ಕೆಲಸದ ಮೊದಲ ಹೆಜ್ಜೆ ಅದು.