ಹಿಂತಿರುಗಿ ನೋಡದ ಸಂತ ತೆರೇಸಾ

ಅಕ್ಟೋಬರ್ 1ರಂದು ನಾವು ಬಾಲಯೇಸುವಿನ ಸಂತ ತೆರೇಸಾರ ಹಬ್ಬವನ್ನು ಆಚರಿಸುತ್ತೇವೆ. ಗುಲಾಬಿ ಹೂಗಳನ್ನು ಹಿಡಿದ ಅವರ ಪಟವನ್ನು ನಾವೆಲ್ಲ ನೋಡಿದ್ದೇವೆ. ಪ್ರಾರ್ಥನೆಯ ವೇಳೆ ಅವರು ತಮ್ಮ ಮನಸ್ಸಿನೊಡನೆ ನಡೆಸಿದ ಹೋರಾಟವನ್ನೂ ನಾವು ತಿಳಿದಿರಬೇಕು.

1873ರ ಜನವರಿ 2ರಂದು ಫ್ರಾನ್ಸಿನ ಅಲಾನ್ಸೊನ್ ಪಟ್ಟಣದಲ್ಲಿ ಹುಟ್ಟಿದ ತೆರೇಸಾ, ನಾಲ್ಕೂವರೆ ವರ್ಷದಲ್ಲೇ ತಾಯಿಯನ್ನು ಕಳೆದುಕೊಂಡರು. ಅಂದಿನಿಂದ ಸಣ್ಣ ಮಾತಿಗೂ ಕಣ್ಣೀರು. 1886ರ ಕ್ರಿಸ್ಮಸ್ ರಾತ್ರಿಯ ಪೂಜೆ ಮುಗಿಸಿ ಮನೆಗೆ ಬಂದಾಗ, ಅಲ್ಲಿಯ ರೂಢಿಯಂತೆ ಅವರ ಪಾದರಕ್ಷೆಗಳಲ್ಲಿ ಉಡುಗೊರೆ ಇಡಲಾಗಿತ್ತು. ಈ ಮಕ್ಕಳಾಟ ಈ ವರ್ಷಕ್ಕೇ ಕೊನೆಯಾದರೆ ಒಳ್ಳೆಯದೆಂಬಂತೆ ದಣಿದಿದ್ದ ತಂದೆ ಆಡಿದ ಮಾತು, ಮೆಟ್ಟಿಲೇರುತ್ತಿದ್ದ ತೆರೇಸಾರ ಕಿವಿಗೆ ಬಿತ್ತು. ಅಳು ಉಕ್ಕಿ ಬಂದರೂ ನುಂಗಿಕೊಂಡು, ನಗುಮೊಗದಿಂದ ಕೆಳಗಿಳಿದು ಉಡುಗೊರೆಗಳನ್ನು ತೆರೆದರು. ತಮ್ಮ ಮನಪರಿವರ್ತನೆ ಆ ರಾತ್ರಿಯೇ ಆಯಿತೆಂದು ಮುಂದೆ ಬರೆದರು.

1888ರಲ್ಲಿ, 15ನೇ ವಯಸ್ಸಿನಲ್ಲಿ, ಲಿಸ್ಯೂ ಪಟ್ಟಣದ ಕಾರ್ಮೆಲ್ ಮಠವನ್ನು ಸೇರಿದರು. ಅಲ್ಲಿ ಸಂಜೆಯ ಧ್ಯಾನದಲ್ಲಿ ಹಿಂದೆ ಕುಳಿತ ಸಹೋದರಿಯೊಬ್ಬರು ಎರಡು ಚಿಪ್ಪುಗಳನ್ನು ಉಜ್ಜಿದಂಥ ಸದ್ದು ಮಾಡುತ್ತಿದ್ದರು. ತಿರುಗಿ ಒಮ್ಮೆ ದಿಟ್ಟಿಸಿದ್ದರೆ ಸದ್ದು ನಿಲ್ಲುತ್ತಿತ್ತೇನೋ. ತೆರೇಸಾ ತಿರುಗಲಿಲ್ಲ. ಸಹೋದರಿಯ ಮನ ನೋಯಬಾರದೆಂದು ಮೈ ಬೆವರಿದರೂ ಸಹಿಸಿದರು. ಕೊನೆಗೆ ಆ ಸದ್ದನ್ನೇ ಇಂಪಾದ ಸಂಗೀತದಂತೆ ಆಲಿಸಿ ಯೇಸುವಿಗೆ ಅರ್ಪಿಸಿದರು.

ಧ್ಯಾನದಲ್ಲಿ ಅವರಿಗೆ ನಿದ್ರೆ ಬರುತ್ತಿತ್ತು. ಒಬ್ಬರೇ ಜಪಸರ ಮಾಡುವಾಗ ಮನಸ್ಸು ನಿಲ್ಲುತ್ತಿರಲಿಲ್ಲ. ಇದಕ್ಕೆ ಅವರು ಯಾರನ್ನೂ ದೂರಲಿಲ್ಲ, ಎದೆಗುಂದಲಿಲ್ಲ, ಪ್ರಾರ್ಥನೆಯನ್ನು ಬಿಡಲೂ ಇಲ್ಲ. ಮನಸ್ಸು ಬರಡಾದಾಗ ಪರಲೋಕ ಪ್ರಾರ್ಥನೆಯನ್ನೂ ನಮೋ ಮರಿಯಾ ಪ್ರಾರ್ಥನೆಯನ್ನೂ ನಿಧಾನವಾಗಿ ಹೇಳಿಕೊಳ್ಳುತ್ತಿದ್ದರು.

1897ರ ಸೆಪ್ಟೆಂಬರ್ 30ರಂದು, ಕ್ಷಯರೋಗದಿಂದ, 24ನೇ ವಯಸ್ಸಿನಲ್ಲಿ ತೀರಿಕೊಂಡರು. 1925ರಲ್ಲಿ ಜಗದ್ಗುರು 11ನೇ ಪಿಯುಸ್ ಅವರನ್ನು ಸಂತರೆಂದು ಘೋಷಿಸಿದರು. ಮಠದಿಂದ ಹೊರಗೆ ಹೋಗಿ ಬೋಧಿಸದ ಅವರು 1927ರಲ್ಲಿ ಧರ್ಮಪ್ರಚಾರದ ಪಾಲಕಿಯೂ ಆದರು.

ನಮ್ಮ ದೇವಾಲಯದಲ್ಲೂ ಪೂಜೆಯ ನಡುವೆ ಮಗು ಅಳುತ್ತದೆ, ಯಾರೋ ಕೆಮ್ಮುತ್ತಾರೆ, ನಮಗೆ ತಿಳಿಯದ ಭಾಷೆಯಲ್ಲಿ ಗೀತೆ ಸಾಗುತ್ತದೆ. ತಕ್ಷಣ ನಮ್ಮ ಕತ್ತು ತಿರುಗುತ್ತದೆ, ಮುಖ ಗಂಟಿಕ್ಕುತ್ತದೆ. ನಮ್ಮದೇ ಮೊಬೈಲ್ ಮೊಳಗಿದಾಗ ಮಾತ್ರ ಇತರರು ಸಹಿಸಲಿ ಎನ್ನುತ್ತೇವೆ. ಬರುವ ಭಾನುವಾರ ಮೊಬೈಲ್ ಆರಿಸಿ ಒಳಗೆ ಹೋಗೋಣ. ಅದು ನಮ್ಮ ಹೊಣೆ. ಪಕ್ಕದವರ ಸದ್ದನ್ನು ಸಹಿಸಿ, ಅದನ್ನೂ ಬಲಿಪೀಠದ ಮುಂದೆ ನಮ್ಮ ಕಾಣಿಕೆಯಾಗಿ ಇಡೋಣ.

ಸಂತ ತೆರೇಸಾರೇ, ನಮಗಾಗಿ ಪ್ರಾರ್ಥಿಸಿರಿ.