ಮರಾಠಿಯಲ್ಲಿ ಕ್ರಿಸ್ತಪುರಾಣ ಬರೆದ ಇಂಗ್ಲಿಷ್ ಪಾದ್ರಿ

ರಾಣಿ ಎಲಿಜಬೆತ್ ಕಾಲದ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕನಾಗಿ ಬದುಕೋದು ಸುಲಭ ಇರಲಿಲ್ಲ. ಥಾಮಸ್ ಸ್ಟೀಫನ್ಸ್ ದೇಶ ಬಿಟ್ಟು ರೋಮ್ ಸೇರಿ, 1575ರಲ್ಲಿ ಜೆಸ್ವಿಟ್ ಆದರು. ಜೊತೆಗೆ ಹೊರಡಬೇಕಿದ್ದ ಗೆಳೆಯ ಥಾಮಸ್ ಪೌಂಡ್ ಸಿಕ್ಕಿಬಿದ್ದು ಸುಮಾರು 30 ವರ್ಷ ಜೈಲಲ್ಲೇ ಕಳೆದರು.

1579ರಲ್ಲಿ ಸ್ಟೀಫನ್ಸ್ ಗೋವಾಕ್ಕೆ ಬಂದಿಳಿದರು. ನಾಲ್ಕು ವರ್ಷದ ಮೇಲೆ ರಾಲ್ಫ್ ಫಿಚ್ ಸೇರಿ ನಾಲ್ವರು ಇಂಗ್ಲಿಷರನ್ನು ಪೋರ್ಚುಗೀಸರು ಅಲ್ಲಿ ಸೆರೆಯಲ್ಲಿಟ್ಟಾಗ, ಬಿಡಿಸಲು ಓಡಾಡಿದ್ದು ಇವರೇ. ತನ್ನ ಮತದವರನ್ನು ಕಾಡಿದ ರಾಣಿಯ ಪ್ರಜೆಗಳು ಅಂತ ನೋಡಲಿಲ್ಲ.

ಅವರು ದುಡಿದ ಸಾಸಷ್ಟಿಯಲ್ಲಿ ಪೋರ್ಚುಗೀಸರು ದೇವಸ್ಥಾನ ಕೆಡವಿದ್ದರು, ಜನರ ಹಳೇ ಗ್ರಂಥಗಳನ್ನೂ ಕಿತ್ತುಕೊಂಡಿದ್ದರು. ಹೊಸದಾಗಿ ಕ್ರೈಸ್ತರಾದವರಿಗೆ ಓದಿಕೊಳ್ಳಲು, ಹಾಡಿಕೊಳ್ಳಲು ಏನಿತ್ತು? ಇಲ್ಲಿನ ಪುರಾಣಗಳ ಧಾಟಿಯಲ್ಲೇ, ಓವಿ ಛಂದಸ್ಸಿನಲ್ಲಿ, ಬೈಬಲ್ ಕಥೆಯನ್ನು ಸ್ಟೀಫನ್ಸ್ ಮರಾಠಿಯಲ್ಲಿ ಬರೆದರು. ಹತ್ತು ಸಾವಿರಕ್ಕೂ ಹೆಚ್ಚು ಪದ್ಯ! ಸ್ಥಳೀಯ ಅಕ್ಷರದಲ್ಲಿ ಅಚ್ಚು ಹಾಕಿಸಬೇಕು ಅಂತ 1608ರಲ್ಲಿ ರೋಮ್‌ಗೆ ಪತ್ರ ಬರೆದರು. ಅದು ಕೈಗೂಡಲಿಲ್ಲ; 1616ರಲ್ಲಿ ಪುಸ್ತಕ ಬಂದಿದ್ದು ರೋಮನ್ ಲಿಪಿಯಲ್ಲಿ. 1619ರಲ್ಲಿ ಗೋವಾದಲ್ಲೇ ತೀರಿಕೊಂಡರು. ಅವರ ಕೊಂಕಣಿ ವ್ಯಾಕರಣ ಅಚ್ಚಾಗಿದ್ದು 1640ರಲ್ಲಿ.

ಆ ಮೊದಲ ಮುದ್ರಣದ ಒಂದು ಪ್ರತಿಯೂ ಈಗ ಸಿಕ್ಕಿಲ್ಲ. ಪುರಾಣ ಉಳಿದದ್ದು ಕ್ಯಾಥೊಲಿಕ್ ಮನೆಗಳಲ್ಲಿದ್ದ ಕೈಬರಹದ ಪ್ರತಿಗಳಿಂದ. ಅವನ್ನು ಹೋಲಿಸಿ ನೋಡಿ, ಜೋಸೆಫ್ ಸಲ್ಡಾನ್ಹಾ 1907ರಲ್ಲಿ ಮತ್ತೆ ಅಚ್ಚು ಹಾಕಿಸಿದರು, ನಮ್ಮ ಮಂಗಳೂರಿನಲ್ಲಿ.